ಗುಂಗುರು ಕೂದಲಿನ ನಾಟಿಗೆ ಎಫ್‌ಯುಇ ಪಂಚ್ ಯಾವ ಸೈಜು?

ಪ್ರಶ್ನೆ: ಎಫ್‌ಯುಇ (ಹಿಂದಲೆಯಿಂದ ಕೂದಲನ್ನು ಬೇರುಸಮೇತ ಕೊರೆದು ತೆಗೆದು ಬೋಳು ಜಾಗದಲ್ಲಿ ನೆಡೋದು) ಮಾಡಿಸಬೇಕು. ಹಾಸನದ ಕ್ಲಿನಿಕ್ ಒಂದರಲ್ಲಿ 1 ಮಿ.ಮೀ. ಚೂಪು ಪಂಚ್ (ಕೊರೆಯೋ ಸಣ್ಣ ಕೊಳವೆ) ಅಂತಾರೆ. 0.8 ಸಾಲದಾ? ಬೇರು ತುಂಡಾಗೋದು ಯಾಕೆ?

ಉತ್ತರ 1: ಗುಂಗುರು ಕೂದಲಿನ ಬೇರು ಚರ್ಮದೊಳಗೂ ಬಾಗಿರುತ್ತೆ ಸರ್. ಪಂಚ್ ಸಣ್ಣದಾದರೆ ಅಂಚು ಬೇರನ್ನೇ ಕತ್ತರಿಸುತ್ತೆ. 0.9–1.0 ಸರಿ, ಅದಕ್ಕೂ ದೊಡ್ಡದು ಬೇಡ, ಹಿಂದಲೆಯಲ್ಲಿ ಬಿಳಿ ಚುಕ್ಕೆ ಎದ್ದು ಕಾಣುತ್ತೆ. ಕೂದಲು ಹೊರಟ ಕೋನದಲ್ಲೇ ಇಳಿಸಬೇಕು. ಆಳದಲ್ಲಿ ಬೇರುಗಳು ಅಗಲಕ್ಕೆ ಹರಡಿರುತ್ತವೆ, ಅಲ್ಲಿವರೆಗೆ ಕೊರೆದರೆ ತುಂಡೇ. ಚೂಪಿಗಿಂತ ಮೊಂಡು ಅಂಚಿನದು ಈ ವಿಷಯದಲ್ಲಿ ವಾಸಿ.

ಉತ್ತರ 2: ಗ್ರಾಫ್ಟ್ (ಕೊರೆದು ತೆಗೆದ ಬೇರುಸಮೇತ ಕೂದಲು) ಒಣಗೋದು ಇನ್ನೂ ದೊಡ್ಡ ತಲೆನೋವು. ತೆಗೆದ ತಕ್ಷಣ ತಣ್ಣನೆ ಸಲೈನ್‌ಗೆ ಹಾಕಬೇಕು. ಫೋರ್ಸೆಪ್ಸ್‌ನಲ್ಲಿ (ಚಿಮಟದಲ್ಲಿ) ಬುಡ ಹಿಸುಕಬಾರದು.

ಉತ್ತರ 3: ಗ್ರಾಫ್ಟ್ ನೆಡೋಕೆ ಮಾಡೋ ಸೀಳು ಒತ್ತೊತ್ತಾದರೆ ಪಕ್ಕದ ಗ್ರಾಫ್ಟ್ ಪುಟಿದು ಹೊರಬರುತ್ತೆ. ಮೊದಲು ಕೇಳಬೇಕಾದ್ದು ಬೇರೆ: ಕೊರೆಯೋರು ಡಾಕ್ಟರಾ, ಟೆಕ್ನಿಷಿಯನ್ನಾ?