ಪದಚರ್ಚೆ: ವೆನಿಲ್ಲಾ ‘ಎಕ್ಸ್‌ಟ್ರಾಕ್ಟ್’ಗೆ ಕನ್ನಡದಲ್ಲಿ ಎಂತ ಹೇಳುದು?

ಎಲ್ಲರಿಗೂ ನಮಸ್ಕಾರ,

ವಿಷಯ ಸಣ್ಣದು, ಒಂದು ಬಾಟ್ಲಿಯ ಲೇಬಲ್ಲು, ಆದ್ರೆ ನಮ್ಮ ಮನೆಯಲ್ಲಿ ಇದರ ಮೇಲೆ ವಾದ ಮುಗಿಯುವ ಲಕ್ಷಣ ಕಾಣುದಿಲ್ಲ, ಹಾಗಾಗಿ ಇಲ್ಲಿ ಕೇಳ್ತಿದ್ದೇನೆ. ಈ ಸಲ ಕ್ರಿಸ್ಮಸ್‌ಗೆ ನೆರೆಕರೆಯವರಿಗೆ ಕೊಡ್ಲಿಕ್ಕೆ ಅಂತ ಮನೆಯಲ್ಲೇ ವೆನಿಲ್ಲಾ ಎಕ್ಸ್‌ಟ್ರಾಕ್ಟ್ ಹಾಕಿಟ್ಟಿದ್ದೇವೆ. ಮಂಗಳೂರಲ್ಲಿ ಇದ್ದವರಿಗೆ ಗೊತ್ತುಂಟು, ಡಿಸೆಂಬರ್ ಕೊನೆಗೆ ಕುಸ್ವಾರಿನ, ಅಂದ್ರೆ ಕ್ರಿಸ್ಮಸ್ ತಿಂಡಿಗಳ ತಟ್ಟೆ ಯಾವ ಜಾತಿ ಅಂತ ನೋಡದೆ ಎಲ್ಲರ ಮನೆಗೂ ಬರ್ತದೆ, ಕಿಡ್ಯೊ, ಗುಳಿಯೊ, ಕೊಕ್ಕಿಸಾಂ, ರಮ್ಮಿನಲ್ಲಿ ನೆನೆದ ಹಣ್ಣಿನ ಕೇಕು ಎಲ್ಲ, ಆ ತಟ್ಟೆಯನ್ನು ಖಾಲಿ ವಾಪಸ್ ಕೊಡ್ಲಿಕ್ಕೆ ಮನಸ್ಸು ಬರುದಿಲ್ಲ. ಕೇಕ್ ಮಾಡುವವರಿಗೆ ಇದಕ್ಕಿಂತ ಒಳ್ಳೆ ಗಿಫ್ಟ್ ಇಲ್ಲ ಅಂತ ನನ್ನ ಅಭಿಪ್ರಾಯ. ಪ್ರಶ್ನೆ ಇಷ್ಟೇ, ಬಾಟ್ಲಿ ಮೇಲೆ ಕನ್ನಡದಲ್ಲಿ ಎಂತ ಬರೆಯುದು?

ಮಾಡುವ ವಿಧಾನ ಮೊದಲು ಹೇಳ್ಬೇಕು, ಇಲ್ದಿದ್ರೆ ಯಾವ ಪದ ಯಾಕೆ ಆಗುದಿಲ್ಲ ಅಂತ ಗೊತ್ತಾಗುದಿಲ್ಲ. ಸಂಸ್ಕರಣೆ ಆದ, ಅಂದ್ರೆ ಕಪ್ಪಾಗಿ ಎಣ್ಣೆ ಎಣ್ಣೆ ಹೊಳೆಯುವ ವೆನಿಲ್ಲಾ ಕೋಡನ್ನು (ಬೀನ್ಸಿನ ಹಾಗಿನ ಉದ್ದ ಕಾಯಿ) ಉದ್ದಕ್ಕೆ ಸೀಳಿ ವೋಡ್ಕಾದಲ್ಲಿ ಮುಳುಗಿಸಿ ಇಡುದು, ಅಷ್ಟೇ. ಬೆಂಕಿ ಇಲ್ಲ, ಕುದಿಸುದು ಇಲ್ಲ. ಅಮೆರಿಕದ ಆಹಾರ ಕಾನೂನಿನ ಪ್ರಕಾರ ಎಕ್ಸ್‌ಟ್ರಾಕ್ಟ್ ಅಂತ ಹೆಸರು ಹಾಕ್ಬೇಕಾದ್ರೆ ಆಲ್ಕೋಹಾಲ್ ಕನಿಷ್ಠ 35% ಇರ್ಬೇಕು, ಲೀಟರಿಗೆ ಸುಮಾರು 100 ಗ್ರಾಂ ಕೋಡು ಬೀಳ್ಬೇಕು, ನಾವು ಅದೇ ಲೆಕ್ಕ ಹಿಡಿದದ್ದು, 200 ಎಂಎಲ್ ಬಾಟ್ಲಿಗೆ 20 ಗ್ರಾಂ, ಅಂದ್ರೆ ಐದಾರು ಕೋಡು. ವೈನ್ ಶಾಪಿನ ಸಾಧಾರಣ ವೋಡ್ಕಾ 40%ಗಿಂತ ಸ್ವಲ್ಪ ಹೆಚ್ಚೇ ಇರ್ತದೆ, ಅದಕ್ಕೆ ಅದರದ್ದೇ ರುಚಿ ಅಂತ ಹೆಚ್ಚು ಇಲ್ಲ, ಹಾಗಾಗಿ ದುಬಾರಿಯದ್ದು ತಗೊಳ್ಳುದು ದಂಡ. ಕೋಡಿನ ತುದಿ ಮೇಲೆ ಕಾಣ್ಬಾರ್ದು, ಬಿಸಿಲು ತಾಗ್ಬಾರ್ದು, ಆಗಾಗ ಕುಲುಕ್ಬೇಕು. ಎರಡು ತಿಂಗಳಿಗೆ ಬಣ್ಣ ಬಿಡ್ತದೆ, ನಿಜವಾದ ಪರಿಮಳ ಬರ್ಲಿಕ್ಕೆ ಆರು ತಿಂಗಳಾದ್ರೂ ಬೇಕು, ಮಳೆಗಾಲ ಶುರುವಾಗುವಾಗ ಹಾಕಿದ್ರೆ ಕ್ರಿಸ್ಮಸ್‌ಗೆ ಸರಿ ಹೋಗ್ತದೆ.

ಈಗ ಪದಕ್ಕೆ ಬರುವ.

‘ಎಸೆನ್ಸ್’ ಅಂತ ಹಾಕಿ ಬಿಡಿ, ಎಲ್ಲರಿಗೂ ಅರ್ಥ ಆಗ್ತದೆ ಅಂತ ನನ್ನ ಗಂಡನ ವಾದ. ಆಗ್ತದೆ, ಆದ್ರೆ ತಪ್ಪು ಅರ್ಥ ಆಗ್ತದೆ! ನಮ್ಮಲ್ಲಿ ಎಸೆನ್ಸ್ ಅಂದ್ರೆ ಬೇಕರಿ ಸಾಮಾನಿನ ಅಂಗಡಿಯ ಆ ಸಣ್ಣ ಬಾಟ್ಲಿ, ಅದರಲ್ಲಿ ಹೆಚ್ಚಾಗಿ ಇರುದು ಕಾರ್ಖಾನೆಯ ವೆನಿಲಿನ್ (ವೆನಿಲ್ಲಾ ಪರಿಮಳದ ಮುಖ್ಯ ವಸ್ತು), ಕೋಡು ಅದರ ಹತ್ತಿರ ಕೂಡ ಸುಳಿದಿರುದಿಲ್ಲ. ವೆನಿಲಿನ್ನನ್ನು 1874ರಲ್ಲೇ ಜರ್ಮನಿಯಲ್ಲಿ ಟೀಮನ್, ಹಾರ್ಮನ್ ಅಂತ ಇಬ್ಬರು ಪೈನ್ ಮರದ ರಸದಲ್ಲಿ ಸಿಗುವ ವಸ್ತುವಿನಿಂದ ತಯಾರು ಮಾಡಿ ಆಗಿತ್ತು. ಅದನ್ನು ಕೀಳು ಅಂತ ನಾನು ಹೇಳುದಿಲ್ಲ, ಆದ್ರೆ ಆರು ತಿಂಗಳು ಕಾದು ಮಾಡಿದ್ದಕ್ಕೆ ಅದೇ ಹೆಸರು ಕೊಡ್ಲಿಕ್ಕೆ ಹೊಟ್ಟೆ ಉರಿಯುದಿಲ್ವಾ?

‘ಅರ್ಕ’ ಅಂತ ಕೆಲವು ಕಡೆ ನೋಡಿದೆ. ಕೇಳ್ಲಿಕ್ಕೆ ಚಂದ ಉಂಟು, ಆದ್ರೆ ಅರ್ಕ ಅಂದ್ರೆ ಬಟ್ಟಿ ಇಳಿಸಿದ್ದು, ಆವಿ ಮಾಡಿ ತಣಿಸಿ ಹಿಡಿದದ್ದು, ಓಮದ ಅರ್ಕದ ಹಾಗೆ. ಇಲ್ಲಿ ಆವಿಯೇ ಇಲ್ಲ. ‘ಕಷಾಯ’ ಕುದಿಸಿದ್ದು, ‘ರಸ’ ಹಿಂಡಿದ್ದು, ಎರಡೂ ಅಲ್ಲ. ‘ಸತ್ವ’ ಒಂದು ಹಂತಕ್ಕೆ ಒಪ್ಪಬಹುದು, ಆದ್ರೆ ಆಯುರ್ವೇದದವರ ಅಮೃತಬಳ್ಳಿ ಸತ್ವ ಬಿಳಿ ಹುಡಿ, ಬಳ್ಳಿಯನ್ನು ಜಜ್ಜಿ ನೀರಲ್ಲಿ ಕದಡಿ ಅಡಿಗೆ ಕೂತದ್ದನ್ನು ಒಣಗಿಸಿದ್ದು, ನಾವು ಕೂವೆ ಹುಡಿ ಮಾಡುವ ಕ್ರಮವೇ. ಹಾಗಾಗಿ ಸತ್ವ ಅಂದ್ರೆ ನಂಗೆ ಹುಡಿಯೇ ಕಣ್ಣಿಗೆ ಬರ್ತದೆ.

ಆಯುರ್ವೇದದ ಮದ್ದು ‘ಆಸವ’ದ ಮೇಲೆ ಮಾತ್ರ ಸ್ವಲ್ಪ ಹೆಚ್ಚು ಹೊತ್ತು ತಲೆ ಕೆಡಿಸಿಕೊಂಡೆ, ಯಾಕಂದ್ರೆ ಅದರಲ್ಲಿ ಆಲ್ಕೋಹಾಲ್ ಇರುದು ಎಲ್ಲರಿಗೂ ಗೊತ್ತು, ಗೊತ್ತಿದ್ದೂ ಮಡಿಯಲ್ಲಿರುವ ಅಜ್ಜಿಯಂದಿರು ಕೂಡ ಕುಡೀತಾರೆ. ಆದ್ರೆ ಆಸವ, ಅರಿಷ್ಟ ಎರಡರಲ್ಲೂ ಬೆಲ್ಲವೋ ಜೇನೋ ಹಾಕಿ, ಧಾತಕಿ ಹೂ ಹಾಕಿ ಹುಳಿ ಬರಿಸುದು, ಮದ್ಯ ಒಳಗೇ ಹುಟ್ಟುದು. ನಮ್ಮದರಲ್ಲಿ ಹೊರಗಿನಿಂದ ತಂದು ಸುರಿದದ್ದು. ಮದ್ದಿನ ಅಂಗಡಿಯ ಭಾಷೆಯಲ್ಲಿ ಇದಕ್ಕೆ ಸರಿಯಾದ ಪದ ‘ಟಿಂಚರ್’, ಮಂಗಳೂರಿನವರಿಗೆ ಅದು ಹೊಸತೂ ಅಲ್ಲ, ಫಾದರ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಹೋಮಿಯೋಪತಿ ಮದ್ದು ಕೊಡ್ಲಿಕ್ಕೆ ಶುರು ಮಾಡಿದ ಮೇಲೆ ‘ಮದರ್ ಟಿಂಚರ್’ ಅಂದ್ರೆ ಗಿಡವನ್ನು ಆಲ್ಕೋಹಾಲಿನಲ್ಲಿ ಇಳಿಸಿದ್ದು ಅಂತ ಇಲ್ಲಿ ಎಷ್ಟೋ ಮನೆಗಳಿಗೆ ಗೊತ್ತು. ಆದ್ರೆ ಟಿಂಚರ್ ಅಂದ ಕೂಡ್ಲೆ ಮೊಣಕಾಲಿನ ಗಾಯ ಉರಿದದ್ದು ನೆನಪಾಗುವ ತಲೆಮಾರು ನಮ್ಮದು, ಅದನ್ನು ಯಾರು ಕಸ್ಟರ್ಡಿಗೆ ಹಾಕ್ತಾರೆ ಮಾರಾಯ್ರೆ.

ಉಳಿದದ್ದು ‘ಸಾರ’. ನಿಘಂಟು ನೋಡಿದ್ರೆ ಇದೇ ಸರಿ, ತಿರುಳು, ಸಾರಾಂಶ, ಎಲ್ಲ ಸಮ. ಆದ್ರೆ ಉಡುಪಿಯ ನಮ್ಮ ಅತ್ತೆ ‘ವೆನಿಲ್ಲಾ ಸಾರ’ ಅಂತ ಓದಿ, ಇದನ್ನು ಅನ್ನಕ್ಕೆ ಹಾಕಿಕೊಳ್ಳುದಾ ಅಂತ ಕೇಳಿದ್ರು, ಮಾವ ಅಲ್ಲಿಗೇ ನಿಲ್ಲಲಿಲ್ಲ, ಸಾರ ಅಲ್ಲ ಸಾರಾಯಿ ಅಂತ ಬರಿ, ಅಥವಾ ತುಳುವಿನಲ್ಲಿ ‘ವೆನಿಲ್ಲಾ ಗಂಗಸರ’ (ಅದೂ ಸಾರಾಯಿಯೇ) ಅಂತ ಹಾಕು ಅಂದ್ರು. ಕರ್ನಾಟಕದಲ್ಲಿ ಸಾರಾಯಿ 2007ರಲ್ಲೇ ನಿಷೇಧ ಆಗಿದೆ ಮಾವ, ಕೇಸು ಬೀಳ್ತದೆ ಅಂದೆ.

ಇನ್ನೊಂದು ಕಡೆಯಿಂದಲೂ ಹುಡುಕಿದೆ, ವೆನಿಲ್ಲಾ ಬೆಳೆದವರು ಎಂತ ಹೇಳ್ತಿದ್ರು ಅಂತ. ತವರಿನ ತೋಟ ಪುತ್ತೂರಿನ ಹತ್ತಿರ, 2000ದ ನಂತರ ಅಡಿಕೆ ಮಧ್ಯೆ ಎಲ್ಲರೂ ಬಳ್ಳಿ ಹಬ್ಬಿಸಿದವರೇ, ಮಡಗಾಸ್ಕರಿನಲ್ಲಿ ಚಂಡಮಾರುತಕ್ಕೆ ಬೆಳೆ ಹೋಗಿ 2003ರ ಹೊತ್ತಿಗೆ ಹಸಿ ಕೋಡಿಗೇ ಕಿಲೋಗೆ ಮೂರು ಸಾವಿರ ದಾಟಿತ್ತು, ರಾತ್ರಿ ತೋಟ ಕಾಯ್ತಿದ್ರು, ಆಮೇಲೆ ಕೇಳುವವರಿಲ್ಲದ ಹಾಗೆ ಬಿತ್ತು. ಈಗಲೂ ಒಂದೆರಡು ಬಳ್ಳಿ ಉಂಟು, ನಮ್ಮ ಕೋಡು ಅಲ್ಲಿಂದಲೇ. ಅಣ್ಣನ ಹತ್ತಿರ ಕೇಳಿದ್ರೆ ಬರೀ ಬೀನ್ಸ್, ಪಾಲಿನೇಷನ್, ಕ್ಯೂರಿಂಗ್, ಸ್ವೆಟಿಂಗ್. ಅದೇ ಅಡಿಕೆಗೆ ಕೇಳಿ, ಚಾಲಿ, ಪಟೋರ, ಉಳ್ಳಿಗಡ್ಡೆ, ಕರಿಗೋಟು ಅಂತ ಉಸಿರು ಬಿಡದೆ ಹೇಳ್ತಾನೆ. ಹೂವು ಒಂದೇ ಬೆಳಿಗ್ಗೆ ಅರಳುದು, ಕೈಯಲ್ಲೇ ಕಡ್ಡಿ ಹಿಡಿದು ಪರಾಗ ತಾಗಿಸ್ಬೇಕು, ಆ ಕೆಲಸ ಮಾಡಿದ್ದು ನಮ್ಮ ಹೆಂಗಸರೇ, ಆದ್ರೂ ಅದಕ್ಕೊಂದು ಊರಿನ ಪದ ಹುಟ್ಟುವಷ್ಟು ಕಾಲ ಬೆಳೆ ನಿಲ್ಲಲೇ ಇಲ್ಲ ಅಂತ ಕಾಣ್ತದೆ. (‘ವೆನಿಲ್ಲಾ ಕೋಡು’ ಅನ್ನುದೂ ಒಂದು ತಮಾಷೆಯೇ, ಸ್ಪ್ಯಾನಿಷ್‌ನಲ್ಲಿ ವೆನಿಲ್ಲಾ ಅಂದ್ರೇ ಪುಟ್ಟ ಕೋಡು.)

ಹೀಗೆ ಸುತ್ತಿ ಸುತ್ತಿ ನಂಗೆ ಅನಿಸಿದ್ದು, ನಾಮಪದ ಹುಡುಕುದೇ ದಾರಿ ತಪ್ಪಿದ್ದು, ಕ್ರಿಯಾಪದ ಹಿಡಿಬೇಕು. ‘ನೆನೆಸಿದ್ದು’ ಅಂದ್ರೆ ರಾತ್ರಿ ಹಾಕಿ ಬೆಳಿಗ್ಗೆ ತೆಗೆಯುವ ಉದ್ದು. ನನ್ನ ಮನಸ್ಸು ‘ಊರು’ ಕಡೆಗೆ ಉಂಟು, ಬಾಯಲ್ಲಿ ನೀರೂರುದು, ಬಾವಿಯಲ್ಲಿ ನೀರೂರುದು ಅದೇ ಊರು. ಕಿಟೆಲ್ಲರ ನಿಘಂಟು, 1894ರಲ್ಲಿ ಇದೇ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾದದ್ದು, ಅದರಲ್ಲೂ ಜಿನುಗು, ಒಸರು ಅನ್ನುವ ಅರ್ಥ ಉಂಟು. ಹಳಗನ್ನಡದಲ್ಲಿ ಇದಕ್ಕೆ ಶಕಟರೇಫ, ಅಂದ್ರೆ ಈಗ ಬಳಕೆಯಲ್ಲಿಲ್ಲದ ಱ ಅಕ್ಷರ, ಊಱು, ವಾಸದ ಊರಿಗೂ ಇದಕ್ಕೂ ಸಂಬಂಧ ಇಲ್ಲ. ತಮಿಳರ ಊರುಗಾಯ್ ಅಂದ್ರೆ ಉಪ್ಪಿನಕಾಯಿ, ಅಂದ್ರೆ ತಿಂಗಳುಗಟ್ಟಲೆ ದ್ರವದಲ್ಲಿ ಇದ್ದು ರುಚಿ ಬಿಡುವ, ರುಚಿ ಹಿಡಿಯುವ ಅರ್ಥ ಅಲ್ಲಿ ಗಟ್ಟಿಯಾಗಿ ಉಳಿದಿದೆ. ಹಾಗಾಗಿ ದೊಡ್ಡಕ್ಷರದಲ್ಲಿ ‘ವೆನಿಲ್ಲಾ ಎಕ್ಸ್‌ಟ್ರಾಕ್ಟ್’ ಅಂತ ಕನ್ನಡ ಲಿಪಿಯಲ್ಲೇ ಹಾಕಿ, ಕೆಳಗೆ ‘ವೋಡ್ಕಾದಲ್ಲಿ ಊರಿಸಿದ ವೆನಿಲ್ಲಾ’ ಅಂತ ಬರೆಯುವ ಅಂತ ಉಂಟು. ವೋಡ್ಕಾ ಅಂತ ಬರೆಯುದು ಬೇಡ ಅಂತ ಅತ್ತೆ ಹೇಳ್ತಾರೆ, ಅದಕ್ಕೆ ಮಾತ್ರ ನಾನು ಒಪ್ಪುದಿಲ್ಲ, ಮದ್ಯ ಮುಟ್ಟದ ಮನೆಗೆ ತಿಳಿಸದೆ ಕೊಡುದು ಸರಿಯಲ್ಲ. ಅಂಥವರಿಗೆ ಗ್ಲಿಸರಿನ್‌ನಲ್ಲಿ ಬೇರೆಯೇ ಹಾಕಿದ್ದೇವೆ, ಪರಿಮಳ ಸ್ವಲ್ಪ ಮೆತ್ತಗೆ.

ನಿಮ್ಮಿಂದ ಬೇಕಾದದ್ದು ಎರಡು. ನಿಮ್ಮ ಕಡೆ, ಕುಂದಾಪುರ, ಹವ್ಯಕ, ಶಿರಸಿ, ಮೈಸೂರು ಎಲ್ಲಿಯಾದ್ರೂ ಆಗ್ಲಿ, ‘ಊರಿಸು’ ಅಂತ ಅಡಿಗೆ ಮನೆಯಲ್ಲಿ ಬಾಯಿಮಾತಲ್ಲಿ ಹೇಳುದು ಉಂಟಾ, ಅಥವಾ ನಾನು ತಮಿಳಿನ ಪ್ರಭಾವದಲ್ಲಿ ಹೇಳ್ತಿದ್ದೇನಾ? ಮತ್ತೆ ಕೊಂಕಣಿ, ಬ್ಯಾರಿ ಮಾತಾಡುವವರು ಇದ್ರೆ, ತಿಂಗಳುಗಟ್ಟಲೆ ನೆನೆಸಿಡುದಕ್ಕೆ ನಿಮ್ಮ ಮನೆಯ ಪದ ಎಂತದು? ನಿಘಂಟಿನ ಪದ ಬೇಡ, ಅಮ್ಮನೋ ಅಜ್ಜಿಯೋ ಹೇಳುವ ಪದ ಬೇಕು. ಲೇಬಲ್ ಡಿಸೆಂಬರ್ ಎರಡನೇ ವಾರ ಪ್ರಿಂಟಿಗೆ ಕೊಡ್ಬೇಕು, ಅದರೊಳಗೆ ಹೇಳಿದ್ರೆ ಉಪಕಾರ.