‘ಎಲ್ಲರಿಗಿಂತ ನಾನೇ ಕೀಳು’ ಎಂದು ನಂಬುವುದು ಸುಳ್ಳಾಗುವುದಿಲ್ಲವೇ?

ಪುಟತಿರುವು: ಕ್ರೈಸ್ತ ಸನ್ಯಾಸಿಗಳಿಗಾಗಿ 6ನೇ ಶತಮಾನದಲ್ಲಿ ಸಂತ ಬೆನೆಡಿಕ್ಟರು ಬರೆದ ಮಠನಿಯಮದ 7ನೇ ಅಧ್ಯಾಯದಲ್ಲಿ ದೀನತೆಗೆ ಹನ್ನೆರಡು ಮೆಟ್ಟಿಲುಗಳಿವೆ. ನನಗೆ ತೊಡಕಾಗಿರುವುದು ಏಳನೆಯದು. ಎಲ್ಲರಿಗಿಂತ ತಾನು ಕೀಳೆಂದು ಬಾಯಲ್ಲಿ ಹೇಳಿದರೆ ಸಾಲದು, ಮನಸಾರೆ ನಂಬಬೇಕಂತೆ. ಚೆನ್ನಾಗಿ ಹಾಡಬಲ್ಲ ಸನ್ಯಾಸಿ, ಶ್ರುತಿಯೇ ಸೇರದವನಿಗಿಂತ ತಾನು ಕೀಳೆಂದು ನಂಬುವುದು ಹೇಗೆ?

ಮರಿಯಪ್ಪ_ಬಿ: 13ನೇ ಶತಮಾನದ ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸರು ಪ್ರಶ್ನೋತ್ತರ ರೂಪದ ತಮ್ಮ ದೊಡ್ಡ ಗ್ರಂಥ ‘ಸುಮ್ಮಾ’ದ ಎರಡನೇ ಭಾಗದ ಉತ್ತರಾರ್ಧ, 161ನೇ ಪ್ರಶ್ನೆಯಲ್ಲಿ ಇದನ್ನೇ ಬಿಡಿಸುತ್ತಾರೆ. ಮನುಷ್ಯನಲ್ಲಿರುವ ಒಳಿತು ದೇವರದು, ಕೊರತೆ ಅವನ ಸ್ವಂತದ್ದು. ನನ್ನ ಕೊರತೆ ಇನ್ನೊಬ್ಬನಲ್ಲಿರುವ ದೇವರ ವರಕ್ಕೆ ತಲೆಬಾಗಬೇಕು, ಅಷ್ಟೇ. ವರಕ್ಕೆ ವರ, ಕೊರತೆಗೆ ಕೊರತೆ ತೂಗಿನೋಡಿ ಸೋಲೊಪ್ಪಿಕೊಳ್ಳಬೇಕೆಂದು ಅವರು ಹೇಳುವುದಿಲ್ಲ. ಹಾಗಾಗಿ ಗಾಯಕ ತನ್ನ ಕಂಠ ಕೆಟ್ಟದೆಂದು ನಟಿಸಬೇಕಾಗಿಲ್ಲ. ಏಳನೇ ಮೆಟ್ಟಿಲಿನ ಬಗ್ಗೆ ಅವರ ಮಾತು: ನನ್ನೊಳಗಿನ ಗುಟ್ಟಿನ ದೋಷ ನನಗೆ ಗೊತ್ತು, ಇತರರಲ್ಲಿ ದೇವರಿಟ್ಟ ವರ ನನ್ನ ಕಣ್ಣಿಗೆ ಮರೆಯಾಗಿರಬಹುದು. ಇದರಲ್ಲಿ ಸುಳ್ಳೇನೂ ಇಲ್ಲ.

ಇದ್ದ ವರವನ್ನೇ ಅಲ್ಲಗಳೆದು ಸುಮ್ಮನೆ ಕೂತರೆ ಅದು ದೀನತೆಯಲ್ಲ, ಅಲ್ಪಮನಸ್ಸೆಂಬ ಪಾಪ (ಅದೇ ಭಾಗದ 133ನೇ ಪ್ರಶ್ನೆ). ಬೈಬಲಿನ ಸಾಮತಿಯಲ್ಲಿ ಒಡೆಯ ದುಡಿಸಲೆಂದು ಕೊಟ್ಟ ತಲಾಂತನ್ನು (ಹಣವನ್ನು) ನೆಲದಲ್ಲಿ ಹೂತಿಟ್ಟ ಆಳು ಅಲ್ಲಿಯ ಉದಾಹರಣೆ.

ಹಳೇಗಂಟೆ: ಅಷ್ಟು ದೂರ ಹೋಗದೆ ಅದೇ ನಿಯಮದ 57ನೇ ಅಧ್ಯಾಯ ನೋಡಿ. ಮಠದ ಕುಶಲಕರ್ಮಿ ಮಠಾಧ್ಯಕ್ಷರ ಅನುಮತಿ ಪಡೆದು ಕಸುಬು ಮಾಡಲಿ. ‘ನನ್ನಿಂದ ಮಠಕ್ಕೆ ಲಾಭ’ ಎಂದು ಉಬ್ಬಿದರೆ ಅವನನ್ನು ಆ ಕೆಲಸದಿಂದ ತೆಗೆಯಬೇಕು. ಕೌಶಲವೇ ಇಲ್ಲವೆಂದು ಬೆನೆಡಿಕ್ಟರು ಯಾರ ಬಾಯಲ್ಲೂ ಹೇಳಿಸುವುದಿಲ್ಲ.

ದಾರಿ ತಪ್ಪುವುದು ಎಲ್ಲಿ ಎಂದರೆ, 12ನೇ ಶತಮಾನದಲ್ಲಿ ಫ್ರಾನ್ಸಿನ ಕ್ಲೇರ್ವೋ ಮಠದ ಅಧ್ಯಕ್ಷ ಬರ್ನಾರ್ಡರು ಇದೇ ಏಣಿಯನ್ನು ತಲೆಕೆಳಗು ಮಾಡಿ ಅಹಂಕಾರದ ಹನ್ನೆರಡು ಮೆಟ್ಟಿಲು ಬರೆದರು. ಒಂಬತ್ತನೆಯದು ಕಪಟ ತಪ್ಪೊಪ್ಪಿಗೆ. ಯಾರೂ ನಂಬದಷ್ಟು ದೊಡ್ಡದಾಗಿ ತಪ್ಪು ಹೇಳಿಕೊಂಡರೆ ಕೇಳಿದವರು ‘ಛೆ, ನೀನು ಅಂಥವನಲ್ಲ’ ಎನ್ನುತ್ತಾರಲ್ಲ, ಬೇಕಾದದ್ದು ಅದೇ! ಪರೀಕ್ಷೆ ಸುಲಭ: ಸಣ್ಣ ಶಿಕ್ಷೆ ಕೊಟ್ಟು ನೋಡಿ, ಗೊಣಗಾಟ ಶುರುವಾಗುತ್ತದೆ.

ಪುಟತಿರುವು: ಒಪ್ಪಿದೆ. ಆದರೆ ಬೆನೆಡಿಕ್ಟರ ನಾಲ್ಕನೇ ಮೆಟ್ಟಿಲು ಅನ್ಯಾಯವನ್ನೂ ಸದ್ದಿಲ್ಲದೆ ಸಹಿಸು ಎನ್ನುತ್ತದೆ. ದಬ್ಬಾಳಿಕೆ ಮಾಡುವವರಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು?

ಮರಿಯಪ್ಪ_ಬಿ: ಆ ಅಪಾಯ ನಿಜ. ಅಧ್ಯಾಯವೊಂದನ್ನೇ ಕಿತ್ತು ಓದಿದರೆ ಹಾಗೇ ಆಗುತ್ತದೆ. 2ನೇ ಅಧ್ಯಾಯದ ಪ್ರಕಾರ, ತನ್ನ ಬೋಧನೆಗೂ ಶಿಷ್ಯರ ವಿಧೇಯತೆಗೂ ಅಧ್ಯಕ್ಷರೇ ದೇವರಿಗೆ ಲೆಕ್ಕ ಒಪ್ಪಿಸಬೇಕು. 3ನೆಯದರಲ್ಲಿ ಮುಖ್ಯ ವಿಷಯಗಳಿಗೆ ಇಡೀ ಮಠವನ್ನು ಕರೆದು ಕಿರಿಯರ ಮಾತನ್ನೂ ಕೇಳಬೇಕು. 68ರಲ್ಲಿ ಆಗದ ಕೆಲಸ ಹೇಳಿದರೆ ಏಕೆ ಆಗದೆಂದು ಸರಿಯಾದ ಹೊತ್ತು ನೋಡಿ, ಸೊಕ್ಕಿಲ್ಲದೆ ವಿವರಿಸಬಹುದು. ಅಷ್ಟಾದರೂ ಹಿರಿಯರು ಪಟ್ಟು ಬಿಡದಿದ್ದರೆ ವಿಧೇಯನಾಗಬೇಕು ಎಂಬುದೂ ಅಲ್ಲೇ ಇದೆ, ಅದನ್ನು ಮುಚ್ಚಿಟ್ಟು ವಾದಿಸುವಂತಿಲ್ಲ.