ಅಪ್‌ಡೇಟ್: ತಿರುವಿನಲ್ಲಿ ಬರುವ ರೈಲಿಗೆ ಯಾವ ಲೆನ್ಸ್?

24 ಎಂಎಂ ಲೆನ್ಸ್‌ನಲ್ಲಿ (ಎಂಎಂ ಕಡಿಮೆಯಾದಷ್ಟೂ ನೋಟ ಅಗಲ) ಹತ್ತಿರದಿಂದ ತೆಗೆದರೆ ಎಂಜಿನ್ ಮಾತ್ರ ದಪ್ಪಗೆ, ಹಿಂದಿನ ಬೋಗಿಗಳು ಇಲಿ ಬಾಲದ ಹಾಗೆ ಕಾಣುತ್ತವೆ, ಏನು ಮಾಡಲಿ ಅಂತ ಕೇಳಿದ್ದೆನಲ್ಲ? ಸರಿಹೋಯಿತು.

ಗೆದ್ದ ಸಲಹೆ: "ಹಿಂದೆ ಸರಿದು 135 ಎಂಎಂ ಹಾಕಿ." ತಿರುವಿನ ಒಳಬದಿಯಲ್ಲಿ, ಹಳಿಯಿಂದ ಸಾಕಷ್ಟು ದೂರ ನಿಂತೆ. ಷಟರ್ 1/1000 ಸೆಕೆಂಡ್. ಬೋಗಿಗಳು ಒತ್ತೊತ್ತಾಗಿ ಬಂದು, ಇಡೀ ರೈಲಿಗೆ ಒಂದು ಗತ್ತು ಬಂತು. ಎಂಜಿನ್ ಮುಂದೆ ಸ್ವಲ್ಪ ಜಾಗ ಬಿಟ್ಟಿದ್ದೂ ಒಳ್ಳೆಯದಾಯಿತು.

ಆಶ್ಚರ್ಯ ಏನೆಂದರೆ, ಅದೇ ಜಾಗದಿಂದ 50 ಎಂಎಂನಲ್ಲಿ ತೆಗೆದು ಕ್ರಾಪ್ ಮಾಡಿದರೂ (ಅಂಚು ಕತ್ತರಿಸಿದರೂ) ಎಂಜಿನ್-ಬೋಗಿಗಳ ಅಳತೆ ಡಿಟ್ಟೋ! ಅಂದರೆ ಆಟವೆಲ್ಲ ನಿಂತ ದೂರದ್ದು. ಲೆನ್ಸ್ ಎಷ್ಟು ಕಾಣಬೇಕು ಅಂತ ತೀರ್ಮಾನಿಸುತ್ತದೆ, ಅಷ್ಟೇ. ಕ್ರಾಪ್ ಮಾಡಿದರೆ ಪಿಕ್ಸೆಲ್ ಮಾತ್ರ ಜಾಸ್ತಿ ಹೋಗುತ್ತವೆ.

1/30 ಸೆಕೆಂಡಿನಲ್ಲಿ ಪ್ಯಾನಿಂಗ್ (ರೈಲಿನ ಜೊತೆಗೇ ಕ್ಯಾಮೆರಾ ತಿರುಗಿಸುತ್ತಾ ತೆಗೆಯುವುದು) ಇಲ್ಲಿ ಆಗಲಿಲ್ಲ. ಓರೆಯಾಗಿ ಬರುವ ರೈಲಿನ ಒಂದೊಂದು ಭಾಗ ಚೌಕಟ್ಟಿನಲ್ಲಿ ಒಂದೊಂದು ವೇಗದಲ್ಲಿ ಸರಿಯುತ್ತದೆ, ಮೂತಿ ಸ್ಪಷ್ಟವಾದರೆ ಉಳಿದದ್ದು ಮಸುಕು. ನೇರ ಪಕ್ಕದಿಂದಾದರೆ ಸರಿ. 300 ಎಂಎಂ ಕೂಡ ಮಧ್ಯಾಹ್ನ ಬೇಡ. ಹಳಿ ಮೇಲಿನ ಬಿಸಿಗಾಳಿಗೆ ಎಲ್ಲ ಅಲುಗಾಡಿದಂತೆ ಬರುತ್ತದೆ, ಫೋಕಸ್ ಬೈದು ಪ್ರಯೋಜನವಿಲ್ಲ. ಬೆಳಗ್ಗೆ ಆ ಕಾಟ ಕಡಿಮೆ.

24 ಎಂಎಂ ಮಾರುವುದಿಲ್ಲ. ಸೇತುವೆ, ಮೋಡ ಎಲ್ಲ ಸೇರಿಸಿ ರೈಲನ್ನು ಸಣ್ಣಗೆ ತೋರಿಸಲು ಅದೇ ಬೇಕು, ಅಲ್ವಾ?